ಕೈ ಹಗುರ ಇರುವ ಕಾಲೇಜು

ಒಂದೇ ಕಾಲೇಜಿನಲ್ಲಿ ಸೀಟು ಸಿಕ್ಕಿದ್ದರೆ ಸಂಜೀವ ಸುಖವಾಗಿರುತ್ತಿದ್ದ. ಎಲ್ಲಿಯೂ ಸಿಗದಿದ್ದರೂ ನಾಲ್ಕು ದಿನ ಹಣೆಬರಹವನ್ನು ಬೈದು ಸುಮ್ಮನಾಗುತ್ತಿದ್ದ. ಆದರೆ ಮಗಳು ಸಂಪದಾಳಿಗೆ ಬಿ.ಎಸ್ಸಿ. ನರ್ಸಿಂಗ್ ಓದಲು ಎರಡು ಕಡೆ ಸೀಟು ಸಿಕ್ಕಿಬಿಟ್ಟಿತು. ಒಂದು ಬೀದರ್ ಕಡೆಯ ಕಾಲೇಜು, ಇನ್ನೊಂದು ಹೈದರಾಬಾದ್ ಕಡೆಯದು. ಎರಡೂ ನಾಲ್ಕು ವರ್ಷದ ಓದು, ಫೀಸಿನಲ್ಲಿಯೂ ಹೇಳಿಕೊಳ್ಳುವಂಥ ಫರಕಿಲ್ಲ. ಇವತ್ತು ಸಂಜೆಯೊಳಗೆ ಯಾವುದಾದರೂ ಒಂದು ಕಡೆ ಸೇರುತ್ತೇವೆಂದು ಹೇಳದಿದ್ದರೆ ಎರಡೂ ಸೀಟು ಕೈತಪ್ಪಿ ಹೋಗಿ ಹುಡುಗಿಯ ಒಂದು ವರ್ಷ ಮಣ್ಣುಪಾಲಾಗುತ್ತಿತ್ತು.

ಸಂಜೀವ ಜಹೀರಾಬಾದಿನ ಮಾರ್ಕೆಟ್ ಯಾರ್ಡಿನಲ್ಲಿ ಗುಮಾಸ್ತ. ಯಾರಾದರೂ ಹೇಳಿದ ಕೆಲಸವನ್ನು ತಪ್ಪಿಲ್ಲದೆ ಮಾಡುತ್ತಿದ್ದ. ಆರಿಸು ಎಂದರೆ ಮಾತ್ರ ಅವನ ಕೈಕಾಲು ತಣ್ಣಗಾಗುತ್ತಿದ್ದವು. ಮದುವೆಯ ಹೊತ್ತಿನಲ್ಲಿ ಇವರಿಗೆ ಒಂದೇ ಕನ್ಯೆ ತೋರಿಸಿದ್ದರು, ಅದಕ್ಕೇ ಮದುವೆಯಾಯಿತು ಎಂದು ಹೆಂಡತಿ ರಾಜೇಶ್ವರಿ ಈಗಲೂ ಹೇಳುತ್ತಾಳೆ. ಇದ್ದೊಬ್ಬ ಮಗಳ ಬಾಳಿನ ಪ್ರಶ್ನೆ. ತಪ್ಪು ಕಾಲೇಜಿಗೆ ಹಾಕಿದರೆ ಮಗಳು ಜನ್ಮಪೂರ್ತಿ ತನ್ನನ್ನು ನೆನೆಸಿಕೊಂಡು ಅಳುತ್ತಾಳೆ ಎಂಬ ಹೆದರಿಕೆ ಅವನನ್ನು ಹಿಂಡುತ್ತಿತ್ತು. ವಾರದಿಂದ ನಿದ್ದೆಯಿಲ್ಲ. ಕಂಡಕಂಡವರನ್ನೆಲ್ಲ ಕೇಳಿದ್ದ. ಕ್ಷೌರದವನು ಬೀದರ್ ಎಂದರೆ ಹುಣಸೆಹಣ್ಣಿನ ದಲ್ಲಾಳಿ ಹೈದರಾಬಾದ್ ಎಂದ. ಎದುರುಮನೆಯ ಶಾಂತಾಬಾಯಿ, "ಎಲ್ಲಿಗೂ ಬ್ಯಾಡ, ಮದಿವಿ ಮಾಡ್ರಿ" ಎಂದು ಮೂರನೆಯ ದಾರಿಯನ್ನೂ ತೋರಿಸಿಬಿಟ್ಟಿದ್ದಳು.

ಅವತ್ತು ಮುಂಜಾನೆ ಅವನು ರಜೆ ಹಾಕಿ ಅಂಗಳದಲ್ಲಿ ತಲೆ ಹಿಡಿದು ಕೂತಿದ್ದ. ಪಕ್ಕದ ಮನೆಯ ಕ್ರಾಂತಿಕುಮಾರ ಪೇಪರ್ ಓದುವ ನೆಪದಲ್ಲಿ ಬಂದು ಕುರ್ಚಿ ಎಳೆದುಕೊಂಡ. ಸಂಜೀವನ ತಾಯಿ ವತ್ಸಲಾಬಾಯಿ ಹೊರಸಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಮಗನ ಅವಸ್ಥೆಯನ್ನು ನೋಡುವಷ್ಟು ನೋಡಿ ಕೊನೆಗೆ ಬಾಯಿ ಬಿಟ್ಟಳು.

"ಸಂಜ್ಯಾ, ಎತ್ತು ತರಾಕ ಹೋದವ ಮಾರಾವನ ಮಾತು ಕೇಳ್ತಾನೇನೋ?"

"ಇಲ್ಲವ್ವ."

"ಮತ್ತೇನು ಮಾಡ್ತಾನ? ಆ ಮಾರಾವನ ಕಡಿಂದ ಮೊದಲ ಎತ್ತು ತೊಗೊಂಡಾವರ ಹೊಲಕ್ಕ ಹೋಗಿ, ಎತ್ತು ಹ್ಯಾಂಗ ನಡೀತದ ನೋಡ್ತಾನ. ಕಾಲೇಜು ಭೀ ಹಂಗೇ. ಕಾಲೇಜಿನಾವ್ರು ಹೇಳೋದು ಕೇಳಬ್ಯಾಡ. ಅಲ್ಲಿ ಕಲತು ಬಂದ ನರ್ಸಮ್ಮಗೋಳ ಕೈ ನೋಡು. ನರ್ಸಮ್ಮಗ ಏನಿರಬೇಕು? ಕೈಗುಣ. ಸೂಜಿ ಮಾಡಿದ್ರ ಗೊತ್ತೇ ಆಗಬಾರದು. ಯಾವ ಕಾಲೇಜಿನಾಕಿ ಕೈ ಹಗುರ ಅದನೋ ಆ ಕಾಲೇಜಿಗಿ ಹಾಕು ಹುಡುಗಿನ್ನ."

ವತ್ಸಲಾಬಾಯಿಯ ಲೆಕ್ಕದಲ್ಲಿ ವೈದ್ಯಶಾಸ್ತ್ರವೆಲ್ಲ ಆ ಒಂದು ಸೂಜಿಯ ಮೊನೆಯಲ್ಲಿತ್ತು. ಗುಳಿಗೆ ಕೊಟ್ಟು ಕಳಿಸುವ ಡಾಕ್ಟರನ್ನು ಅವಳು ಡಾಕ್ಟರನೆಂದು ಒಪ್ಪಿದವಳೇ ಅಲ್ಲ. ಕ್ರಾಂತಿಕುಮಾರನಿಗೆ ಈ ಮಾತು ಭಾರೀ ಹಿಡಿಸಿತು. ಮೂರು ತಾಲೂಕಿನಲ್ಲಿ ಯಾರು ಎಲ್ಲಿ ಕೆಲಸಕ್ಕಿದ್ದಾರೆ, ಯಾರಿಗೆ ಎಲ್ಲಿಯ ನೆಂಟಸ್ತಿಕೆ ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು.

"ಅಣ್ಣಾ, ಬೀದರ್ ಕಡಿ ಕಾಲೇಜಿನಾಗ ಕಲತಾಕಿ ತುಳಜಾಬಾಯಿ ಅಂತ, ನಾರಾಯಣಖೇಡದಾಗ ಒಂದು ಖಾಸಗಿ ದವಾಖಾನಿದಾಗ ಅದಾಳ. ಹೈದರಾಬಾದ್ ಕಡಿ ಕಾಲೇಜಿನಾಕಿ ಅರ್ಪಿತಾ, ತಾಂಡೂರಿನಾಗ. ಮುಂಜಾನಿ ಖೇಡಕ್ಕ ಹೋಗಿ ಒಂದು ಸೂಜಿ, ಮಧ್ಯಾಹ್ನ ತಾಂಡೂರಿಗಿ ಹೋಗಿ ಒಂದು ಸೂಜಿ. ಸಂಜಿ ಅನ್ನೋದರಾಗ ಫೈಸಲಾ!"

"ಸೂಜಿ ಯಾರು ಮಾಡಿಸ್ಕೋಬೇಕು?" ಎಂದು ಸಂಜೀವ ಮೆಲ್ಲಗೆ ಕೇಳಿದ.

ಇಬ್ಬರೂ ಅವನನ್ನೇ ನೋಡಿದರು. ಸೂಜಿ ಎಂದರೆ ಸಂಜೀವನಿಗೆ ಜೀವವೇ ಹಾರಿಹೋಗುತ್ತದೆ. ಶಾಲೆಯಲ್ಲಿ ಲಸಿಕೆ ಹಾಕುವವರು ಬಂದಾಗ ತೊಗರಿ ಹೊಲದೊಳಗೆ ಹೊಕ್ಕು ಕತ್ತಲಾಗುವ ತನಕ ಹೊರಗೆ ಬರದಿದ್ದವನು ಅವನು.

"ಅವ್ವಾ, ನಿನ್ನ ಮೊಳಕಾಲು ಹ್ಯಾಂಗಿದ್ರೂ ನೋಯ್ತದಲ್ಲ, ನೀನೇ ಬಾ."

"ನನ್ನ ಮೈಯಾಗ ಮಾಂಸ ಎಲ್ಲದನೋ? ಸೂಜಿ ಎಲುಬಿಗಿ ಬಡೀತದ. ಹಗುರೋ ಭಾರೋ ಹ್ಯಾಂಗ ಗೊತ್ತಾಗಬೇಕು? ಹೆತ್ತ ಮಗಳ ಸಲುವಾಗಿ ಎರಡು ಸೂಜಿ ತಡಕೊಳ್ಳಾಕ ಆಗಲ್ದೇನು ನಿನಗ?"

ಚಹಾದ ತಟ್ಟೆ ಹಿಡಿದು ಬಂದ ಸಂಪದಾ ಇದನ್ನೆಲ್ಲ ಕೇಳಿ ಬಾಗಿಲಲ್ಲೇ ನಿಂತಳು. "ಅಪ್ಪಾ, ಸುಮ್ಮಸುಮ್ಮನೆ ಸೂಜಿ ಮಾಡಿಸ್ಕೋಬಾರದ್ರಿ. ನಾ ಒಂದು ಮಾತು ಹೇಳ್ತೀನಿ, ಕೇಳ್ರಿ..."

"ದೊಡ್ಡಾವ್ರು ಮಾತಾಡೋ ಮುಂದ ನಡುವ ಬಾಯಿ ಹಾಕಬ್ಯಾಡವ್ವ," ಎಂದ ಸಂಜೀವ. "ನಿನ್ನ ಸಲುವಾಗೇ ಒದ್ದಾಡ್ಲತ್ತೀನಿ."

ಸಂಪದಾ ಬೆನ್ನ ಹಿಂದೆ ಬಂದು ನಿಂತಿದ್ದ ತಾಯಿಯ ಮುಖ ನೋಡಿದಳು. ರಾಜೇಶ್ವರಿ ಮಗಳ ಮುಖ ನೋಡಿದಳು. ಇಬ್ಬರೂ ಒಳಗೆ ಹೋದರು. ಸಂಜೀವ ಹೊರಡುವಾಗ ವತ್ಸಲಾಬಾಯಿ ಬೆನ್ನಹಿಂದೆ ಕೂಗಿ ಎಚ್ಚರಿಸಿದಳು: "ಸೊಂಟ ಹಿಡದದ ಅನ್ನು. ಮತ್ತ ಕೆಲಸ ಆಗೋತನಕ ಯಾರ ಮುಂದೂ ಬಾಯಿ ಬಿಡಬ್ಯಾಡ. ಹುಡುಗಿಗಿ ದೃಷ್ಟಿ ಆಗ್ತದ."

ನಾರಾಯಣಖೇಡದ ದವಾಖಾನೆಯಲ್ಲಿ ಡಾಕ್ಟರು ಸೊಂಟ ಒತ್ತಿ ನೋಡಿ ಗುಳಿಗೆ ಬರೆಯಲು ಹೊರಟರು. "ಸಾಬ್, ಸೂಜಿ ಬೇಕ್ರಿ" ಎಂದ ಸಂಜೀವ. ಡಾಕ್ಟರು ಪೆನ್ನು ಎತ್ತಿ ಅವನನ್ನು ನೋಡಿ ನಿಟ್ಟುಸಿರು ಬಿಟ್ಟರು. ಈ ಸೀಮೆಯಲ್ಲಿ ಔಷಧಿ ಬರೆಯುವವರು ರೋಗಿಗಳೇ ಎಂಬುದು ಅವರಿಗೆ ಎಂದೋ ಅರ್ಥವಾಗಿತ್ತು. ಗುಳಿಗೆಯನ್ನು ಹೊಡೆದುಹಾಕಿ ನೋವಿನ ಸೂಜಿ ಬರೆದರು.

ತುಳಜಾಬಾಯಿ ಎತ್ತರಕ್ಕೂ ಅಗಲಕ್ಕೂ ಸಮನಾಗಿ ಬೆಳೆದ, ಬಾಯ್ತುಂಬ ಮಾತಾಡುವ ಹೆಂಗಸು. "ಯಾಕಣ್ಣಾ, ಎಷ್ಟು ಸೊರಗೀರಿ, ನಿದ್ದಿ ಆಗಲ್ದೇನು?" ಎಂದು ತಂಗಿಯಂತೆ ಕೇಳಿದಳು. ವಾರದಿಂದ ಯಾರೂ ಹಾಗೆ ಕೇಳಿರಲಿಲ್ಲ. ಸಂಜೀವನ ಕಣ್ಣು ತುಂಬಿ ಬಂದವು. ಇಂಥವಳ ಕೈ ಹಗುರವಿರದೆ ಏನು ಎಂದುಕೊಂಡು ಬೋರಲು ಮಲಗಿದ.

"ಮೈ ಸಡ್ಲ ಬಿಡ್ರಿ ಅಣ್ಣಾ."

ಸಂಜೀವ ಮೈಯನ್ನು ಕಲ್ಲಿನಂತೆ ಬಿಗಿದುಕೊಂಡ. ಮರುಕ್ಷಣ ಅವನ ಎಡ ಪಿರ್ರೆಯಲ್ಲಿ ಯಾರೋ ದನ ಕಟ್ಟುವ ಗೂಟ ಬಡಿದಂತಾಯಿತು. "ಅವ್ವಾ ಸತ್ತೆ!" ಎಂದು ಅವನು ಚೀರಿದ್ದಕ್ಕೆ ಹೊರಗೆ ಬೆಂಚಿನ ಮೇಲಿದ್ದ ಇಬ್ಬರು ಮುದುಕರು ಕೋಲು ಹಿಡಿದು ಮನೆಯ ದಾರಿ ಹಿಡಿದರು.

"ಸಡ್ಲ ಬಿಡ್ರಿ ಅಂದೆ, ಬಿಡಲಿಲ್ಲ. ನಾ ಏನು ಮಾಡಲಿ?" ಎಂದು ತುಳಜಾಬಾಯಿ ಹತ್ತಿ ಒತ್ತಿ, ಮೇಲೆ ಪಟ್ಟಿ ಅಂಟಿಸಿದಳು. ಬೀದರ್ ಕಡೆ ಭಾರ ಎಂದು ಸಂಜೀವ ಮನಸ್ಸಿನಲ್ಲೇ ತೀರ್ಪು ಬರೆದುಕೊಂಡು ಹೊರಗೆ ಬಂದ. ಎಡಗಾಲು ಅವನ ಮಾತು ಕೇಳುತ್ತಿರಲಿಲ್ಲ.

ಹೊರಗೆ ಬಾಗಿಲಲ್ಲಿ ರಾಜೇಶ್ವರಿಯ ಸೋದರಮಾವ ವಿಠೋಬಾ ನಿಂತಿದ್ದ. ನ್ಯಾಲ್ಕಲ್ ಕಡೆಯ ರೈತ, ಬೀಜ ಕೊಳ್ಳಲು ಬಂದವನು ಚೀರಿದ ದನಿ ಗುರುತು ಹಿಡಿದು ಓಡಿಬಂದಿದ್ದ.

"ಅಳ್ಯಾರೆ, ಇಲ್ಲೇನು ಮಾಡ್ಲತ್ತೀರಿ?"

"ಏನಿಲ್ಲ ಮಾವ, ಒಂದು ಸೂಜಿ ಇತ್ತು."

"ಜಹೀರಾಬಾದಿನಾಗ ಸೂಜಿ ಮಾಡಾವ್ರಿಲ್ಲೇನು?"

ಸಂಜೀವನಿಗೆ ತಾಯಿಯ ಮಾತು ನೆನಪಾಯಿತು. ಬಾಯಿ ಬಿಡುವಂತಿಲ್ಲ. ಸುಳ್ಳು ಹೇಳಿ ರೂಢಿಯಿಲ್ಲ. "ಇದ್ದಾರ್ರಿ..." ಎಂದು ತೊದಲಿದ.

"ಈಗ ಎಲ್ಲಿಗಿ?"

"ತಾಂಡೂರಿಗಿ."

"ಅಲ್ಲೇನು?"

"ಅಲ್ಲಿ ಭೀ ಒಂದು ಸೂಜಿ ಅದ ಮಾವ."

ವಿಠೋಬಾ ತಲೆಯ ಮೇಲಿನ ರುಮಾಲು ತೆಗೆದು ಕೈಯಲ್ಲಿ ಹಿಡಿದ. ಮನೆಬಾಗಿಲಲ್ಲಿ ದವಾಖಾನೆ ಬಿಟ್ಟು, ಒಂದು ಊರಲ್ಲಿ ಒಂದು ಸೂಜಿ ಇನ್ನೊಂದು ಊರಲ್ಲಿ ಇನ್ನೊಂದು ಸೂಜಿ ಎಂದು ಗುಟ್ಟಾಗಿ ತಿರುಗುವವನಿಗೆ ಎಂಥ ಬ್ಯಾನೆ ಇರಬೇಕೆಂದು ಅವನೇನು ತಿಳಿಯದವನಲ್ಲ. "ಅಳ್ಯಾರೆ, ಮನಿಯಾಗ ಗೊತ್ತದೇನು?" ಎಂದು ಪಿಸುಗುಟ್ಟಿದ.

"ಗೊತ್ತದ. ಹೇಳಬ್ಯಾಡ ಅಂದಾರ."

"ಧೈರ್ಯ ಇರಲಿ," ಎಂದ ವಿಠೋಬಾ, ರುಮಾಲು ಮತ್ತೆ ಸುತ್ತಿಕೊಳ್ಳುತ್ತ. "ನಾ ಯಾರ ಮುಂದೂ ಹೇಳಾಂಗಿಲ್ಲ."

ಸಂಜೀವನ ಬಸ್ಸು ಊರು ದಾಟುವ ಮೊದಲೇ ಮೊದಲ ಫೋನು ಬಂತು. ಅದು ರಾಜೇಶ್ವರಿಯ ಅಣ್ಣನದು. ಮನೆ ಯಾರ ಹೆಸರಿನಲ್ಲಿದೆ ಎಂದು ಸುತ್ತಿಬಳಸಿ ಕೇಳಿ, ದೇವರಿದ್ದಾನೆ ಎಂದು ಇಟ್ಟ. ಜಹೀರಾಬಾದಿನಲ್ಲಿ ಇಳಿದು ತಾಂಡೂರಿನ ಬಸ್ಸು ಹತ್ತುವಷ್ಟರಲ್ಲಿ ಶಾಂತಾಬಾಯಿಯ ಗಂಡ, ಶಾಲೆಯ ಗೆಳೆಯ, ದೂರದ ಚಿಕ್ಕಮ್ಮ ಎಲ್ಲರೂ ಮಾತಾಡಿಸಿದರು. ಒಂದು ದಿನದ ರಜೆ ಕೊಡಲು ಮೂಗು ಮುರಿದಿದ್ದ ಆಫೀಸಿನ ಸಾಹೇಬರು ತಾವೇ ಫೋನ್ ಮಾಡಿ, "ಎಷ್ಟು ದಿನ ಬೇಕಾದ್ರೂ ತೊಗೊಳ್ರಿ ಸಂಜೀವಪ್ಪ, ಆಫೀಸು ಎಲ್ಲಿಗೂ ಓಡಿ ಹೋಗಲ್ಲ" ಎಂದರು. ಸಾಹೇಬರ ಬಾಯಲ್ಲಿ ಇಂಥ ಸಿಹಿಮಾತು ಕೇಳಿದ ಮೇಲೆ ಸಂಜೀವನಿಗೇ ತನಗೇನಾದರೂ ಆಗಿರಬಹುದೇ ಎಂಬ ಅನುಮಾನ ಹುಟ್ಟಿತು.

ತಾಂಡೂರಿನ ದಾರಿಯಲ್ಲಿ ಕಲ್ಲಿನ ಲಾರಿಗಳು ಓಡಾಡಿ ರಸ್ತೆ ರಸ್ತೆಯಾಗಿ ಉಳಿದಿರಲಿಲ್ಲ. ಬಸ್ಸು ಕುಣಿದಾಗಲೆಲ್ಲ ಎಡಭಾಗದ ಗೂಟ ಇನ್ನಷ್ಟು ಆಳಕ್ಕೆ ಇಳಿಯುತ್ತಿತ್ತು. ಸಂಜೀವ ಬಲಗಡೆ ಭಾರ ಹಾಕಿ ಒರಗಿದರೆ ಪಕ್ಕದವನ ಹೆಗಲ ಮೇಲೆ ಬೀಳುತ್ತಿದ್ದ, ಎದ್ದು ನಿಂತರೆ ಹಿಂದಿನವರು ಕೂಡ್ರಲು ಹೇಳುತ್ತಿದ್ದರು. ಊಟವಾಗಿರಲಿಲ್ಲ. ಬಿಸಿಲು ಕಿಟಕಿಯಿಂದ ಬಂದು ಮಡಿಲಲ್ಲೇ ಕೂತಿತ್ತು. ಈ ನಾಲ್ಕು ವರ್ಷದ ಓದನ್ನು ಮಗಳ ಬದಲು ತಾನೇ ಓದಿದ್ದರೂ ಇಷ್ಟು ದಣಿವಾಗುತ್ತಿರಲಿಲ್ಲ ಎನ್ನಿಸಿತು.

ತಾಂಡೂರಿನ ದವಾಖಾನೆಯಲ್ಲಿ ನೆಲವೂ ಕಲ್ಲು, ಬೆಂಚೂ ಕಲ್ಲು. ಅವನು ನಿಂತೇ ಕಾಯ್ದ. ಒಳಗಿದ್ದ ಡಾಕ್ಟರಮ್ಮ ಅವನನ್ನು ಬಗ್ಗಿಸಿ, ತಿರುಗಿಸಿ, ಕಾಲೆತ್ತಿಸಿ ನೋಡಿ, "ನಿಮಗ ಏನೂ ಇಲ್ಲ. ಮನಿಗಿ ಹೋಗಿ ಮಲಕೊಳ್ರಿ" ಎಂದರು.

"ಸೂಜಿ ಇಲ್ಲದೆ ನಾ ಹೋಗಾಂಗಿಲ್ಲ್ರಿ ಅಮ್ಮಾ."

"ಯಾಕ್ರಿ?"

"ದೂರದಿಂದ ಬಂದೀನ್ರಿ," ಎಂದ ಸಂಜೀವ. ಅವನ ದನಿಯಲ್ಲಿ ಅಳುವಿತ್ತು. ಡಾಕ್ಟರಮ್ಮ, "ಒಳಗ ಹೋಗಿ ಮಲಕೊಳ್ರಿ" ಎಂದು ಪರದೆಯ ಕಡೆ ಕೈ ತೋರಿಸಿದರು.

ಅರ್ಪಿತಾ ಸಣ್ಣ ಹುಡುಗಿ, ಸಂಪದಾಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಮಾತು ಕಡಿಮೆ. ಅವನ ಬಟ್ಟೆ ಸರಿಸಿ ನೋಡಿದವಳು, "ಒಂದು ನಿಮಿಷ ಕಾಕಾ" ಎಂದು ಹೊರಗೆ ಹೋಗಿ ಡಾಕ್ಟರಮ್ಮನ ಜೊತೆ ಏನೋ ಮಾತಾಡಿ ಮರಳಿ ಬಂದಳು.

"ಬಲಗಡಿ ಮಾಡ್ರಿ ತಂಗಿ," ಎಂದ ಸಂಜೀವ ದಿಂಬು ಕಚ್ಚಿಕೊಂಡು. "ಎಡಗಡಿ ಬ್ಯಾಡ."

ತಣ್ಣನೆಯ ಹತ್ತಿ ಮುಟ್ಟಿತು. ಏನೋ ಸಣ್ಣಗೆ ಒತ್ತಿದಂತಾಯಿತು, ಇರುವೆ ಓಡಾಡಿದಷ್ಟು. ಸಂಜೀವ ಕಣ್ಣು ಮುಚ್ಚಿ ಗೂಟದ ಪೆಟ್ಟಿಗೆ ಕಾಯುತ್ತಿದ್ದ.

"ಆತ್ರಿ ಕಾಕಾ, ಏಳ್ರಿ."

"ಸೂಜಿ?"

"ಆತಲ್ರಿ."

ಸಂಜೀವ ಎದ್ದು ಕೂತು ಅವಳ ಕೈಗಳನ್ನು ದೇವರ ಮೂರ್ತಿಯನ್ನು ನೋಡಿದಂತೆ ನೋಡಿದ. ಜನ್ಮದಲ್ಲಿ ಮೊದಲ ಸಲ ಅವನ ಮನಸ್ಸಿನಲ್ಲಿ ಒಂದು ತೀರ್ಮಾನ, ಯಾವ 'ಆದರೆ'ಯೂ ಇಲ್ಲದೆ, ನೆಟ್ಟಗೆ ನಿಂತಿತು. ಹೊರಗೆ ಬಂದವನೇ ಮನೆಗೆ ಫೋನ್ ಹಚ್ಚಿದ. ಎತ್ತಿದವಳು ವತ್ಸಲಾಬಾಯಿ.

"ಅವ್ವಾ, ಹೈದರಾಬಾದ್ ಕಡಿದು! ಸೂಜಿ ಮಾಡಿದ್ದೇ ಗೊತ್ತಾಗಲಿಲ್ಲವ್ವ! ರಾಜಿಗಿ ಹೇಳಿ ಕಾಲೇಜಿಗಿ ಈಗಿಂದೀಗ ಫೋನ್ ಹಚ್ಚಸು!"

"ನಾ ಹೇಳಿದ್ದಿಲ್ಲೇನು?" ಎಂದಳು ತಾಯಿ. "ನೀ ನಿಶ್ಚಿಂತಿ ಇಂದ ಬಾ."

ಬಸ್ ನಿಲ್ದಾಣದಲ್ಲಿ ಸಂಜೀವ ಹಗುರವಾಗಿ ಕುಂಟುತ್ತ ಜಹೀರಾಬಾದಿನ ಬಸ್ಸಿಗೆ ಕಾಯುತ್ತಿದ್ದ. ಪಾಳಿ ಮುಗಿಸಿ ಕೊಡಂಗಲ್ಲಿಗೆ ಹೊರಟ ಅರ್ಪಿತಾ ಅಲ್ಲಿಗೇ ಬಂದಳು. ಅವನನ್ನು ನೋಡಿ ಬೆಂಚಿನಲ್ಲಿ ಜಾಗ ಮಾಡಿದಳು.

"ಕುಂದರ್ರಿ ಕಾಕಾ."

"ಬ್ಯಾಡ ತಂಗಿ. ಎರಡೂ ಕಡಿ ಸೂಜಿ ಆಗ್ಯಾವ, ಹ್ಯಾಂಗ ಕೂಡಲಿ?"

ಅರ್ಪಿತಾ ನಗು ತಡೆಯುತ್ತ ಹೇಳಿದಳು: "ಬಲಗಡಿ ಭಾರ ಹಾಕಿ ಕುಂದರ್ರಿ ಕಾಕಾ. ಆ ಕಡಿ ನಾ ಸೂಜಿ ಮಾಡೇ ಇಲ್ಲ."

"ಆಂ?"

"ನಿಮ್ಮ ಎಡಗಡಿ ಹೊಸ ಪಟ್ಟಿ ಇತ್ತು, ಸುತ್ತ ಬಾತಿತ್ತು. ಇವತ್ತೇ ಎಲ್ಲೋ ಮಾಡಿಸ್ಕೊಂಡಾರ ಅಂತ ಗೊತ್ತಾತು. ಮ್ಯಾಲಿಂದ ಮ್ಯಾಲೆ ಹಂಗ ಮಾಡಬಾರದ್ರಿ. ಡಾಕ್ಟರಮ್ಮಗ ಹೇಳಿದೆ. ಸೂಜಿ ಬ್ಯಾಡ, ಆದ್ರ ಆ ಮನುಷ್ಯಾ ಸೂಜಿ ಇಲ್ಲದೆ ಹೋಗಾಂಗ ಕಾಣಲ್ದು, ಹತ್ತಿ ಒರಸಿ ಬೆರಳಿಲೆ ಒತ್ತಿ ಕಳಸು ಅಂದ್ರು. ನಮ್ಮ ಕಡಿ ಮಂದಿಗಿ ಸೂಜಿ ಇಲ್ಲಂದ್ರ ಸಮಾಧಾನ ಎಲ್ಲದರಿ?"

ಸಂಜೀವ ಕೂತುಬಿಟ್ಟ. ಬಲಗಡೆ ಭಾರ ಹಾಕಿ ಕೂತ. ನೋವಿರಲಿಲ್ಲ. ಅದೇ ದೊಡ್ಡ ನೋವಾಯಿತು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಎತ್ತಿನ ಮಾತಿನಿಂದ ಹಿಡಿದು ಗೂಟದ ತನಕ ಎಲ್ಲವನ್ನೂ ಅವಳಿಗೆ ಹೇಳಿದ. ಅರ್ಪಿತಾ ಕೈಚೀಲವನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ನಕ್ಕು ಸಾಕಾದ ಮೇಲೆ ಕಣ್ಣೊರೆಸಿಕೊಂಡು ಕೇಳಿದಳು: "ಅದೆಲ್ಲ ಇರಲಿ ಕಾಕಾ. ನಿಮ್ಮ ಮಗಳು ಏನಂತಾಳ? ಆಕಿಗಿ ಯಾವ ಕಾಲೇಜು ಬೇಕಂತ?"

ಸಂಜೀವ ಕ್ಷೌರದವನನ್ನು ಕೇಳಿದ್ದ, ದಲ್ಲಾಳಿಯನ್ನು ಕೇಳಿದ್ದ, ಎರಡು ಊರಿನ ನರ್ಸಮ್ಮಂದಿರನ್ನು ಮೈಯೊಡ್ಡಿ ಕೇಳಿದ್ದ. ಓದಬೇಕಾದವಳನ್ನು ಒಂದು ಮಾತು ಕೇಳಿರಲಿಲ್ಲ. ಅವಳೇ ಹೇಳಲು ಬಂದಾಗ ಬಾಯಿ ಮುಚ್ಚಿಸಿದ್ದ. ಅವನಿಗೆ ಬಹಳ ನಾಚಿಕೆಯಾಯಿತು. ಕೊಡಂಗಲ್ಲಿನ ಬಸ್ಸು ಬಂದು ಅರ್ಪಿತಾ ಹೊರಟುಹೋದಳು. ಅವನು ಸಂಪದಾಳಿಗೆ ಫೋನ್ ಮಾಡಿದ, ಎತ್ತಲಿಲ್ಲ. ರಾಜೇಶ್ವರಿ ಬೇರೆ ಯಾರ ಜೊತೆಯೋ ಫೋನಿನಲ್ಲಿದ್ದಳು. ಹೊತ್ತು ಇಳಿಯುತ್ತಿತ್ತು, ಕಾಲೇಜಿನ ಕಚೇರಿ ಮುಚ್ಚುವ ವೇಳೆಯೂ ಮೀರಿತ್ತು.

ದೀಪ ಹಚ್ಚುವ ಹೊತ್ತಿಗೆ ಅವನು ಓಣಿಗೆ ಬಂದ. ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಇಷ್ಟೊಂದು ಚಪ್ಪಲಿ ಮದುವೆಮನೆಯಲ್ಲಿ ಇಲ್ಲವೇ ಸಾವಿನ ಮನೆಯಲ್ಲಿ ಮಾತ್ರ ಇರುತ್ತವೆ. ಒಳಗೆ ಇಣುಕಿದರೆ ವಿಠೋಬಾ ಬಾಳೆಹಣ್ಣಿನ ಗೊನೆಯ ಸಮೇತ ನ್ಯಾಲ್ಕಲ್ಲಿನಿಂದ ಜೀಪು ಹತ್ತಿ ಬಂದಿದ್ದ. ಶಾಂತಾಬಾಯಿ, ಕ್ರಾಂತಿಕುಮಾರ, ಅರ್ಧ ಓಣಿ ಸೇರಿ ಆ ಬಾಳೆಹಣ್ಣು ಮುಗಿಸುತ್ತಿತ್ತು. ನಡುವೆ ವತ್ಸಲಾಬಾಯಿ ತಾಂಡೂರಿನ ಹಗುರ ಕೈಯ ಪುರಾಣ ಹೇಳುತ್ತಿದ್ದಳು.

"ಅಳ್ಯಾರಿಗಿ ಜಾಗಾ ಬಿಡ್ರಿ, ಮಲಗ್ಲಿ," ಎಂದು ವಿಠೋಬಾ ಎದ್ದ. ಸಂಜೀವ ಸೂಜಿಗಾಗಿ ಊರೂರು ತಿರುಗಿದ ಕಾರಣವನ್ನು ವತ್ಸಲಾಬಾಯಿ ಎಷ್ಟು ಬಿಡಿಸಿ ಹೇಳಿದ್ದರೂ ಅವನು ನಂಬಿರಲಿಲ್ಲ. ಬ್ಯಾನೆ ಮುಚ್ಚಿಡಲು ಕಟ್ಟಿದ ಕತೆ ಎಂದೇ ಅವನ ತೀರ್ಮಾನ.

"ನನ್ನ ತಂಗಿ ಮಗಳಿಗಿ ಭೀ ಅದೇ ಹೈದರಾಬಾದ್ ಕಡಿ ಕಾಲೇಜು ಅಂತ ಮಾತಾಡೀನಿ ನೋಡ್ರಿ," ಎಂದಳು, ನರ್ಸಿಂಗೇ ಬೇಡ ಎಂದಿದ್ದ ಶಾಂತಾಬಾಯಿ.

ಸಂಜೀವನಿಗೆ ತಡೆಯಲಾಗಲಿಲ್ಲ. ನೆರೆದವರ ಎದುರಿಗೇ ಕೈ ಜೋಡಿಸಿ ನಿಂತ. "ಅವ್ವಾ, ತಪ್ಪಾಗ್ಯದ. ತಾಂಡೂರಿನಾಕಿ ನನಗ ಸೂಜಿ ಮಾಡೇ ಇಲ್ಲವ್ವ."

ಒಂದು ಗಳಿಗೆ ಎಲ್ಲರ ಬಾಯಲ್ಲಿ ಬಾಳೆಹಣ್ಣು ನಿಂತಿತು. ಆಮೇಲೆ ವತ್ಸಲಾಬಾಯಿ ತೊಡೆ ತಟ್ಟಿ ನಕ್ಕಳು.

"ಕೇಳಿದ್ರ್ಯಾ? ಇನ್ನಾ ನಂಬಲ್ದಾಗ್ಯಾನ ನನ್ನ ಮಗ! ಸೂಜಿ ಮಾಡಿ ಕಳಿಸ್ಯಾಳ, ಮಾಡೇ ಇಲ್ಲ ಅಂತಾನ! ಹಗುರ ಕೈ ಅಂದ್ರ ಇದಕ್ಕನ್ನಬೇಕು!"

"ಅವ್ವಾ, ಖರೇನೇ ಮಾಡಿಲ್ಲ. ಆಕಿನೇ ಬಸ್‌ಸ್ಟ್ಯಾಂಡಿನಾಗ ಹೇಳಿದಳು."

"ಹೇಳ್ತಾಳ. ಕೈಗುಣ ಇದ್ದಾವ್ರು ಎಂದಾದ್ರೂ ನಾ ಮಾಡೀನಿ ಅಂತ ಜಂಬ ಕೊಚ್ಚತಾರೇನು?"

ಹೌದು ಹೌದು ಎಂದು ಓಣಿಯೆಲ್ಲ ತಲೆಯಾಡಿಸಿತು. ಸಂಜೀವನಿಗೆ ಇನ್ನು ಹೇಳಲು ಶಕ್ತಿಯಿರಲಿಲ್ಲ. ಅವನು ಒಳಗಿನ ಕೋಣೆಗೆ ಹೋಗಿ ಬೋರಲು ಬಿದ್ದುಕೊಂಡ. ಸ್ವಲ್ಪ ಹೊತ್ತಿಗೆ ಸಂಪದಾ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ತಂದು ಪಕ್ಕದಲ್ಲಿ ಕೂ‌ತಳು.

"ಯಾವ ಕಡಿರಿ ಅಪ್ಪಾ?"

"ಎಡಗಡಿ," ಎಂದ. ಆಮೇಲೆ ದಿಂಬಿನೊಳಗೆ ಮುಖ ಹುದುಗಿಸಿಯೇ ಕೇಳಿದ: "ಸಂಪೂ, ನಿನಗ ಯಾವುದು ಬೇಕಾಗಿತ್ತವ್ವ? ನಾ ಕೇಳಲೇ ಇಲ್ಲ."

ಸಂಪದಾ ಬಟ್ಟೆ ಒತ್ತಿದಳು. "ಬೀದರ್ ಕಡಿದು ಬೇಕಾಗಿತ್ತು."

ಮಗಳ ಆಸೆಯನ್ನು ಬೆರಳಿನಿಂದ ಒತ್ತಿದ ಸುಳ್ಳು ಸೂಜಿಗೆ ಮಾರಿಬಿಟ್ಟೆನಲ್ಲ ಎಂದು ಅವನು ನಿಜಕ್ಕೂ ಅತ್ತ.

"ಅಳಬ್ಯಾಡ್ರಿ ಅಪ್ಪಾ. ನೀವು ಖೇಡದ ಬಸ್ ಹತ್ತಿದ ಕೂಡಲೇ ಆಯಿಗಿ ಸಂತಿ ಅಂತ ಹೇಳಿ ನಾನು, ಅವ್ವ ಬೀದರ್ ಬಸ್ ಹತ್ತಿದಿವಿ. ಕಾಲೇಜಿಗಿ ಸೇರಿ ಮಧ್ಯಾಹ್ನಕ್ಕೇ ಮನಿಗಿ ಬಂದಿವಿ. ನಿಮ್ಮ ಮಾತು ಕೇಳಿ ಆಯಿ ಹೈದರಾಬಾದ್ ಕಡಿ ಫೋನ್ ಹಚ್ಚು ಅಂದಾಗ ಅವ್ವ ಹೂಂ ಅಂದಳು, ಹಚ್ಚಲಿಲ್ಲ."

ಸಂಜೀವ ತಲೆ ಎತ್ತಿದ. "ಮತ್ತ ನನಗ ಯಾಕ ಹೇಳಲಿಲ್ಲ?"

"ಹೇಳಾಕ ಬಂದೆ. ನಡುವ ಬಾಯಿ ಹಾಕಬ್ಯಾಡ ಅಂದ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅಲ್ಲಿ ದವಾಖಾನಿ ದೊಡ್ಡದದ ಅಪ್ಪಾ, ರೋಗಿಗಳು ಭಾಳ ಬರ್ತಾರ. ಕೈ ಕಾಲೇಜಿನ ಹೆಸರಿಲೆ ಹಗುರ ಆಗಲ್ಲ. ಮಾಡಿ ಮಾಡಿ ಆಗ್ತದ."

ಸಂಜೀವನಿಗೆ ಒಮ್ಮೆಗೇ ಹಸಿವೆ, ನಿದ್ದೆ, ಸಂತೋಷ ಎಲ್ಲ ಬಂತು. ದಿನವಿಡೀ ತಾನು ಮಾಡಿದ್ದೆಲ್ಲ ವ್ಯರ್ಥ, ಆದರೆ ಮಗಳು ಉಳಿದಳು. ಅಷ್ಟು ಸಾಕು ಎಂದುಕೊಂಡ. ಅಷ್ಟರಲ್ಲಿ ಬಾಗಿಲ ಪರದೆ ಸರಿಯಿತು. ಎಲೆಯ ಡಬ್ಬಿ ಹಿಡಿದು ವತ್ಸಲಾಬಾಯಿ ನಿಂತಿದ್ದಳು. ಬೆನ್ನ ಹಿಂದೆ ವಿಠೋಬಾ, ಶಾಂತಾಬಾಯಿ, ಕ್ರಾಂತಿಕುಮಾರ. ಪರದೆಯಾಚೆಯ ಮಾತು ಕೇಳಿಸಿಕೊಳ್ಳುವುದನ್ನು ಆ ಓಣಿಯಲ್ಲಿ ಯಾರೂ ತಪ್ಪೆಂದು ತಿಳಿದಿರಲಿಲ್ಲ.

"ಆ ಗೂಟ ಬಡಿಯೋ ಕಾಲೇಜಿಗಿ ಸೇರಿ ಬಂದೀಯೇನು?" ಎಂದಳು ವತ್ಸಲಾಬಾಯಿ.

ಮುದುಕಿ ಎಲೆ ಅಗಿಯುತ್ತ ಬಹಳ ಹೊತ್ತು ಯೋಚಿಸಿದಳು. ಕೊನೆಗೆ ಮೊಮ್ಮಗಳ ತಲೆ ಸವರಿದಳು.

"ಇರಲಿ. ನೀ ಅಂದಿದ್ದು ಖರೆ ಅದ. ಕೈ ಮಾಡಿ ಮಾಡಿ ಹಗುರ ಆಗ್ತದ. ಅಲ್ಲಿ ಸೂಜಿ ಮಾಡಾದು ಎದರ ಮ್ಯಾಲೆ ಕಲಿಸ್ತಾರ?"

"ಮೊದಲ ಗೊಂಬಿ ಮ್ಯಾಲೆ ಕಲಿಸ್ತಾರ ಆಯಿ."

"ಗೊಂಬಿ ಏನು ಹೇಳ್ತದ? ನೋವಾತೋ ಇಲ್ಲೋ ಬಾಯಿ ಬಿಟ್ಟು ಹೇಳಾವ್ರು ಬೇಕು. ನಿಮ್ಮಪ್ಪನಂಗ ಎರಡೂ ಥರದ್ದು ತಿಂದು ಫರಕು ಬಲ್ಲಾವ್ರು ಈ ತಾಲೂಕಿನಾಗ ಯಾರದಾರ? ಸೂಟಿಗಿ ಬಂದಾಗೆಲ್ಲ ಆತನ ಮ್ಯಾಲೇ ಕಲಿ."

"ಅಳ್ಯಾರ ಬ್ಯಾನಿಗಿ ಭೀ ಚಲೋ ಆಗ್ತದ," ಎಂದು ವಿಠೋಬಾ ಕಣ್ಣೊರೆಸಿಕೊಂಡ. ಮನೆಯಲ್ಲೇ ಸೂಜಿ ಸಿಕ್ಕರೆ ಊರೂರು ಅಲೆಯುವುದು ತಪ್ಪುತ್ತದೆ ಎಂದು ಕ್ರಾಂತಿಕುಮಾರನೂ ಒಪ್ಪಿದ. ಬಾಗಿಲ ಮರೆಯಲ್ಲಿ ನಿಂತಿದ್ದ ರಾಜೇಶ್ವರಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಅಳುವಿಗೋ ನಗುವಿಗೋ ಸಂಜೀವನಿಗೆ ತಿಳಿಯಲಿಲ್ಲ.

"ನಾಲ್ಕು ವರ್ಷ?" ಎಂದು ಅವನು ಕ್ಷೀಣವಾಗಿ ಕೇಳಿದ.

"ನಾಲ್ಕು ವರ್ಷ ಏನು ಮಹಾ?" ಎಂದಳು ತಾಯಿ. "ಮತ್ತ ನಿನ್ನ ಕೇಳದೆ ಎಲ್ಲಾ ನಾವೇ ಮಾಡಿದಿವಿ ಅನಬ್ಯಾಡ. ಎಡಗಡಿನೋ ಬಲಗಡಿನೋ, ಅದು ನಿನಗೇ ಬಿಟ್ಟದ. ದೀಪಾವಳಿ ಸೂಟಿ ಅನ್ನೋದರಾಗ ಯೋಚನಿ ಮಾಡಿ ಹೇಳು."